ನಾಲ್ಕು ಸಲ ಕಾಶಿಗೆ ಹೋದ ಸಬ್‌ಇನ್ಸ್‌ಪೆಕ್ಟರು

ಗಿರಿಯಪ್ಪನಿಗೆ ಪೊಲೀಸ್ ಕೆಲಸ ಸಿಕ್ಕಿದ್ದು ಅವನ ಎತ್ತರದಿಂದ. ಆರಡಿ ಎರಡಂಗುಲದ ಆಳು, ಅದಕ್ಕೆ ತಕ್ಕ ಎದೆ, ಮೂಗಿನ ಕೆಳಗೆ ಇಪ್ಪತ್ತಕ್ಕೇ ದಟ್ಟವಾದ ಮೀಸೆ. ಮದರಾಸ್ ಸರ್ಕಾರದ ಕಾಲದಲ್ಲಿ ಅನಂತಪುರದಲ್ಲಿ ಆಳು ಆರಿಸಲು ಕೂತಿದ್ದ ದೊರೆ ಟೇಪು ಹಿಡಿದು ಅಳೆದವನೇ ಮಿಕ್ಕದ್ದೇನನ್ನೂ ಕೇಳದೆ ಸೇರಿಸಿಕೊಂಡುಬಿಟ್ಟ. ಮಿಕ್ಕದ್ದನ್ನು ಕೇಳಿದ್ದರೆ ಬಂದ ದಾರಿಗೆ ಸುಂಕವಿಲ್ಲವೆಂದು ಕಳಿಸುತ್ತಿದ್ದ ಎಂಬುದು ಹೆಂಡತಿ ರಂಗಲಕ್ಷ್ಮಮ್ಮನ ಅಭಿಪ್ರಾಯ. ಇರುವೆ ಸಾಲು ಕಂಡರೆ ಕಾಲೆತ್ತಿ ದಾಟುವ ಮನುಷ್ಯನ ಕೈಗೆ ಲಾಠಿ ಕೊಟ್ಟವರ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಎಂದು ಅವಳು ಮದುವೆಯಾದ ಹೊಸದರಿಂದಲೂ ಅನ್ನುತ್ತಿದ್ದಳು.

ಇಬ್ಬರೂ ಹಿಂದೂಪುರದ ಸುತ್ತಿನ ಒಕ್ಕಲು ಮನೆಗಳಲ್ಲಿ ಹುಟ್ಟಿದವರು. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು; ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತು ಎಂದು ಅವರನ್ನು ಕೇಳಿದರೆ ನಿಮ್ಮ ಮುಖವನ್ನೇ ನೋಡುತ್ತಿದ್ದರು. ಗಿರಿಯಪ್ಪ ಹಿಂದೂಪುರದ ಠಾಣೆಯಲ್ಲಿ ಕಾನ್‌ಸ್ಟೇಬಲ್ಲಾಗಿದ್ದ, ಪೆನುಕೊಂಡದಲ್ಲಿ ಹೆಡ್ಡಾದ, ಪರೀಕ್ಷೆಗಳಲ್ಲಿ ಒಂದೆರಡು ಸಲ ಡುಮ್ಕಿ ಹೊಡೆದು ಕಡೆಗೆ ಸಬ್‌ಇನ್ಸ್‌ಪೆಕ್ಟರನೂ ಆದ. ಆದರೆ ಠಾಣೆಗೆ ಕಳ್ಳನನ್ನು ಹಿಡಿದು ತಂದರೆ ಅವನು ಮೊದಲು ಕೇಳುತ್ತಿದ್ದುದು, "ಉಂಡ್ಯೇನಪ್ಪ?" ಎಂದು. ಕಳ್ಳ ಉಂಡಿಲ್ಲವೆಂದರೆ ಮುದ್ದೆ ತರಿಸುತ್ತಿದ್ದ. ಅವನು ಉಣ್ಣುವಾಗ ಎದುರಿಗೆ ಕೂತು ಸುಮ್ಮನೆ ನೋಡುತ್ತಿದ್ದ. ಸುಳ್ಳು ಹೇಳುವವನು ಮುದ್ದೆಯನ್ನು ಹೇಗೆ ಮುರಿಯುತ್ತಾನೆ, ಹೆದರಿದವನ ಮೊಣಕಾಲು ಯಾವ ಕಡೆಗೆ ತಿರುಗಿರುತ್ತದೆ, ಇದೆಲ್ಲ ಅವನಿಗೆ ಲೆಕ್ಕದ ಪಾಠಕ್ಕಿಂತ ಸಲೀಸಾಗಿ ತಲೆಗೆ ಹತ್ತುತ್ತಿತ್ತು.

ಹತ್ತಿದ್ದನ್ನು ಮನೆಗೆ ಬಂದು ಇಳಿಸುತ್ತಿದ್ದ. ಬೂಟು ಕಳಚಿಟ್ಟ ಕೂಡಲೆ ನಡುಮನೆಯಲ್ಲಿ ಆ ದಿನದ ಕುಡುಕ, ಆ ದಿನದ ಶಾನುಭೋಗ, ತಪಾಸಣೆಗೆ ಬಂದಿದ್ದ ಮೇಲಧಿಕಾರಿ, ಕೋಳಿ ಕಳೆದುಕೊಂಡ ಮುದುಕಿ, ಒಬ್ಬೊಬ್ಬರಾಗಿ ಅವನ ಅಣಕದಲ್ಲಿ ಬಂದು ಹೋಗುತ್ತಿದ್ದರು. ರಂಗಲಕ್ಷ್ಮಮ್ಮ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಒಲೆಯ ಮೇಲಿನ ಸಾರು ಸೀಯಿಸಿದ ದಿನಗಳು ಎಷ್ಟೋ. ಗಂಡನ ಈ ವಿದ್ಯೆಯನ್ನು ಲೋಕ ನೋಡುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಅವಳೊಬ್ಬಳು ನೋಡಿದ್ದಳು. ಅದರ ಹೆಮ್ಮೆ ಅವಳಿಗೆ ಇತ್ತು. ಬಾಯಿಬಿಟ್ಟು ಹೇಳಿದವಳಲ್ಲ, ಅಷ್ಟೇ.

ಸಾವಿರದ ಒಂಬೈನೂರ ಐವತ್ನಾಲ್ಕರಲ್ಲಿ ಕಲ್ಯಾಣದುರ್ಗಕ್ಕೆ ವರ್ಗವಾಯಿತು. ನಗು ಕಡಿಮೆಯಾದದ್ದು ಅಲ್ಲಿ. ಆ ಕಡೆಯ ಹಳ್ಳಿಗಳಲ್ಲಿ ಎರಡೆರಡು ಪಾರ್ಟಿ. ನೀರಿಗೆ ಜಗಳ, ದಾರಿಗೆ ಜಗಳ, ಹಳೆಯ ಮಾತಿಗೆ ಹೊಸ ಜಗಳ. ಗಿರಿಯಪ್ಪ ಬಂದೋಬಸ್ತಿಗೆಂದು ಹೊರಟರೆ ಮೂರು ದಿನ ಸುದ್ದಿಯಿರುತ್ತಿರಲಿಲ್ಲ. ಒಬ್ಬಳೇ ಮಗಳನ್ನು ಪೆನುಕೊಂಡಕ್ಕೆ ಮದುವೆ ಮಾಡಿ ಕೊಟ್ಟಾಗಿತ್ತು. ಪೊಲೀಸ್ ಲೈನಿನ ಮನೆಯಲ್ಲಿ ರಂಗಲಕ್ಷ್ಮಮ್ಮ ಒಬ್ಬಳೇ ಕೂತು ಬೀದಿಯ ಪ್ರತಿ ಬೂಟಿನ ಸದ್ದಿಗೂ ಕಿವಿ ನಿಗುರಿಸುತ್ತಿದ್ದಳು. ಇಲ್ಲಿ ಒಂದು ಮಾತು ಹೇಳಬೇಕು. ಪೊಲೀಸರ ಧೈರ್ಯದ ಬಗ್ಗೆ ಜನ ಏನೇನೋ ಮಾತಾಡುತ್ತಾರೆ, ಪೊಲೀಸರ ಹೆಂಡಿರ ಧೈರ್ಯವನ್ನು ಕೇಳುವವರೇ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ.

ಐವತ್ತೈದರಲ್ಲಿ, ಸುಗ್ಗಿ ಮುಗಿದ ಮೇಲೆ, ಕಂಬದೂರಿನ ಆಚೆಯ ಒಂದು ಹಳ್ಳಿಯಲ್ಲಿ ನಾಟಕಕ್ಕೆ ಸಿದ್ಧತೆ ನಡೆದಿತ್ತು. ಹಾರ್ಮೋನಿಯಂ ಮೇಷ್ಟ್ರು ಓಬಣ್ಣ ತಾನೇ ಕಟ್ಟಿದ ನಾಟಕ. ಮುದಿ ಪಾಳೇಗಾರನೊಬ್ಬನನ್ನು ಸ್ವಂತ ಭಾವಮೈದುನ ಕಡೆಯ ದೃಶ್ಯದಲ್ಲಿ ಇರಿದು ಕೊಲ್ಲುವ ಕಥೆ. ಪಾಳೇಗಾರನ ವೇಷ ನಮ್ಮವನಿಗೆ ಎಂದು ಈ ಪಾರ್ಟಿ, ನಮ್ಮವನಿಗೆ ಎಂದು ಆ ಪಾರ್ಟಿ. ಇರಿಯುವ ಭಾವಮೈದುನನ ವೇಷ ಮಾತ್ರ ಇಬ್ಬರಿಗೂ ಬೇಡ. ಕುಡುಗೋಲು, ಮಚ್ಚು ಹೊರಬಿದ್ದವು. ಓಬಣ್ಣ ಹಾರ್ಮೋನಿಯಂ ತಲೆಯ ಮೇಲೆ ಹೊತ್ತುಕೊಂಡು ಕಲ್ಯಾಣದುರ್ಗದ ಠಾಣೆಗೆ ಓಡಿಬಂದ.

ಗಿರಿಯಪ್ಪ ಕಾನ್‌ಸ್ಟೇಬಲ್ ಶ್ರೀರಾಮುಲುವನ್ನು ಕರೆದುಕೊಂಡು ಹೋದ. ಎರಡೂ ಪಾರ್ಟಿಯವರನ್ನು ಕಟ್ಟೆಯ ಮೇಲೆ ಕೂರಿಸಿ, ಎಲೆಅಡಿಕೆ ಕೊಟ್ಟು, ಒಂದು ಗಂಟೆ ಅವರ ಮಾತು ಕೇಳಿದ. ಆಮೇಲೆ ಹೇಳಿದ: "ಪಾಳೇಗಾರನ ವೇಷ ಇಬ್ಬರಿಗೂ ಬ್ಯಾಡ. ನಾನೇ ಕಟ್ತೀನಿ. ನನ್ನ ಇರಿಯೋನು ನಿಮ್ಮಲ್ಲಿ ಯಾರಾದ್ರೂ ಆದ್ರೆ ನಾಳೆ ಅದಕ್ಕೊಂದು ಜಗಳ. ಶ್ರೀರಾಮುಲು ಇರೀತಾನೆ."

ಅದಕ್ಕೆ ಯಾರೂ ಇಲ್ಲವೆನ್ನಲಿಲ್ಲ. ಸರ್ಕಾರವೇ ಸರ್ಕಾರವನ್ನು ಇರಿದರೆ ಊರಿಗೇನು ನಷ್ಟ? ಪಾಪ, ಶ್ರೀರಾಮುಲು ಮಾತ್ರ ಬೆವೆತುಹೋದ. ನಾಲ್ಕು ದಿನ ಅಲ್ಲೇ ಬಿಡಾರ, ಅಲ್ಲೇ ತಾಲೀಮು. ಹೆಂಡತಿಗೆ ಹೇಳಿ ಕಳಿಸಬೇಕೆಂದು ಗಿರಿಯಪ್ಪನಿಗೆ ಹೊಳೆಯಲೇ ಇಲ್ಲ. ಬಣ್ಣದ ಹುಚ್ಚು ಹತ್ತಿದವರಿಗೆ ಹೊಳೆಯುವುದೂ ಇಲ್ಲ.

ನಮ್ಮ ಸೀಮೆಯ ನಾಟಕಗಳಲ್ಲಿ ಒಂದು ಪದ್ಧತಿ. ಕಥೆ ಮುಗಿದ ಮೇಲೆ ಸತ್ತವರು, ಕೊಂದವರು, ರಾಜ, ಸೇವಕ, ಎಲ್ಲರೂ ಸಾಲಾಗಿ ನಿಂತು ಮಂಗಳ ಹಾಡಬೇಕು. ಅದು ಮುಗಿಯುವ ತನಕ ಯಾರೂ ಎದ್ದು ಹೋಗಬಾರದು. ಸತ್ತವನು ಸತ್ತೇ ಉಳಿದರೆ ಊರಿಗೆ ಕೆಡುಕು ಎಂದು ನಂಬಿಕೆ. ಆ ಸಲ ಎರ್ರಪ್ಪನೆಂಬ ಕುರಿ ವ್ಯಾಪಾರಿ ಮಂಗಳದ ಮೊದಲೇ ಹೊರಟುಬಿಟ್ಟ. ಪೂರ್ತಿ ಅವನ ತಪ್ಪೆಂದೂ ಹೇಳುವ ಹಾಗಿಲ್ಲ. ಅವನು ಬಂದದ್ದೇ ಕಡೆಯ ದೃಶ್ಯದ ಹೊತ್ತಿಗೆ. ಈ ಸಲ ನಾಟಕದಲ್ಲಿ ರಕ್ತ ಬೀಳುತ್ತದೆ ಎಂಬ ಮಾತು ವಾರದಿಂದ ಅವನ ಕಿವಿಗೆ ಬಿದ್ದಿತ್ತು. ಶ್ರೀರಾಮುಲು ಇರಿದ, ಕುಂಕುಮದ ನೀರು ಚಿಮ್ಮಿತು, ಗಿರಿಯಪ್ಪ ಊರೇ ನಡುಗುವ ಹಾಗೆ ಕೂಗಿ ಉರುಳಿದ, ಹೆಂಗಸರು ಕಿರುಚಿದರು, ಅದೇ ಹೊತ್ತಿಗೆ ಪೆಟ್ರೋಮ್ಯಾಕ್ಸ್ ದೀಪದ ಬತ್ತಿ ಉದುರಿ ಕತ್ತಲಾಯಿತು. ಎರ್ರಪ್ಪ ಓಡಿದವನು ಹಿಂದಿರುಗಿ ನೋಡಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಕಲ್ಯಾಣದುರ್ಗದಲ್ಲಿ ಇಳಿದ.

"ಎಸ್ಸೈಗಾರು ಚಚ್ಚಿಪೋಯಾರು," ಎಂದು ತೆಲುಗಿನಲ್ಲಿ ಒಮ್ಮೆ, ಕೇಳಿದವರು ಮತ್ತೆ ಕೇಳಿದಾಗ ಕನ್ನಡದಲ್ಲಿ ಒಮ್ಮೆ: "ಸತ್ತೋದ್ರು ಕಣಪ್ಪ. ಅವರ ಕಾನ್‌ಸ್ಟೇಬಲ್ಲೇ ಇರಿದ್ಬುಟ್ಟ. ನಾನು ಈ ಕಣ್ಣಾರೆ ನೋಡಿದೀನಿ."

ರಂಗಲಕ್ಷ್ಮಮ್ಮ ಆಗ ಅಂಗಳಕ್ಕೆ ಸಗಣಿ ನೀರು ಹಾಕುತ್ತಿದ್ದಳು. ಸುದ್ದಿ ತಂದವರು ಯಾರೆಂದು ಅವಳಿಗೆ ಆಮೇಲೆ ನೆನಪಾಗಲಿಲ್ಲ. ಕೈಯಲ್ಲಿದ್ದ ಬಕೆಟ್ಟನ್ನು ಸದ್ದಾಗದ ಹಾಗೆ ಜೋಪಾನವಾಗಿ ಕೆಳಗಿಟ್ಟದ್ದು, ಅಷ್ಟು ನೆನಪಿತ್ತು. ಲೈನಿನ ಹೆಂಗಸರೆಲ್ಲ ಬಂದು ತುಂಬಿಕೊಂಡರು. ಎಲ್ಲರಿಗಿಂತ ಹಿರಿಯಳಾದ ಸರ್ವಮಂಗಳಮ್ಮ ಅವಳನ್ನು ಚಾಪೆಯ ಮೇಲೆ ಕೂರಿಸಿ, ತಲೆ ಬಾಚಿ, ಹಣೆಗೆ ಕಾಸಗಲ ಕುಂಕುಮವಿಟ್ಟು, ಮುಡಿಗೆ ಹೂವಿಟ್ಟಳು. ಇನ್ನು ಕೆಲವು ದಿನದಲ್ಲಿ ತೆಗೆಯಬೇಕಾದದ್ದನ್ನು ಒಮ್ಮೆ ತುಂಬ ಇಟ್ಟು ನೋಡುವ ಪದ್ಧತಿ.

"ಇದೆಲ್ಲ ಬ್ಯಾಡ ಅಕ್ಕ," ಎಂದಳು ರಂಗಲಕ್ಷ್ಮಮ್ಮ.

"ಇಟ್ಕ ಕಣಮ್ಮ. ಮುತ್ತೈದೆಯಾಗಿ ಅವರ ಮುಖ ನೋಡು," ಎಂದಳು ಸರ್ವಮಂಗಳಮ್ಮ, ಅಳುತ್ತ.

ಮೂರು ಗಂಟೆ ಅವಳು ಹಾಗೆ ಕೂತಳು. ಅಳು ಬರಲಿಲ್ಲ. ಕೈಯ ಬಳೆಗಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಹನ್ನೊಂದರ ಹೊತ್ತಿಗೆ ಬೀದಿಯ ತಿರುವಿನಲ್ಲಿ ಒಂದು ಲಾರಿ ಬಂದು ನಿಂತಿತು. ಹಿಂದೆ, ಕಡಲೆಕಾಯಿ ಮೂಟೆಗಳ ಮೇಲೆ, ಕೊರಳಿಗೆ ಚೆಂಡುಹೂವಿನ ದಪ್ಪ ಹಾರ ಹಾಕಿಕೊಂಡು, ಎದೆಯೆಲ್ಲ ಕೆಂಪಾಗಿ, ಕಣ್ಣು ಮುಚ್ಚಿ ಗಿರಿಯಪ್ಪ ಅಂಗಾತ ಮಲಗಿದ್ದ. ಪಕ್ಕದಲ್ಲಿ ಶ್ರೀರಾಮುಲು ತಲೆ ತಗ್ಗಿಸಿ ಕೂತಿದ್ದ. ಹೆಂಗಸರು ಹೋ ಎಂದು ಗೋಳು ತೆಗೆದರು. ರಂಗಲಕ್ಷ್ಮಮ್ಮ ಎದ್ದು ನಿಂತಳು. ಆ ಗೋಳಿನ ನಡುವೆ ಅವಳೊಬ್ಬಳಿಗೆ ಒಂದು ಸದ್ದು ಕೇಳಿಸಿತು. ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಮಲಗಿ ಕೇಳಿದ ಗೊರಕೆ. ಮಧ್ಯೆ ಒಮ್ಮೆ ನಿಂತು, ಸೀಟಿ ಹಾಕಿ, ಮತ್ತೆ ಶುರುವಾಗುವ ಗೊರಕೆ. ಅವಳು ನಿಂತಲ್ಲೇ ಕೂತುಬಿಟ್ಟಳು. ಹೋದ ಜೀವ ಬಂತು ಎಂದು ಜನ ಸುಮ್ಮಸುಮ್ಮನೆ ಅನ್ನುತ್ತಾರಲ್ಲ, ಅದು ಬರುವಾಗ ಹೊಟ್ಟೆಯಲ್ಲಿ ಎಷ್ಟು ನೋಯುತ್ತದೆಂದು ಅವಳಿಗೆ ಆ ದಿನ ಗೊತ್ತಾಯಿತು.

ಊರಿನವರು ಹಾಕಿದ ಹಾರವನ್ನು ತೆಗೆಯಲು ಮನಸ್ಸು ಬಾರದೆ, ಬಣ್ಣ ತೊಳೆಯಲು ಪುರಸೊತ್ತಿಲ್ಲದೆ, ನಾಲ್ಕು ದಿನದ ನಿದ್ದೆಗೆಟ್ಟು ಬಂದಿದ್ದ ಮನುಷ್ಯ ಎದ್ದು ಕಣ್ಣುಜ್ಜಿಕೊಂಡು, "ಏನಮ್ಮ ಇಷ್ಟೊಂದು ಜನ? ಯಾರು ಹೋದ್ರು?" ಎಂದು ಕೇಳಿದ. ಸರ್ವಮಂಗಳಮ್ಮ ಕೈಗೆ ಸಿಕ್ಕ ಪೊರಕೆಯನ್ನು ಎತ್ತಿಕೊಂಡಳು. ಶ್ರೀರಾಮುಲು ಲಾರಿಯ ಆ ಕಡೆಯಿಂದ ಇಳಿದು ಮಾಯವಾದ.

ಹನ್ನೊಂದು ದಿನ ರಂಗಲಕ್ಷ್ಮಮ್ಮ ಗಂಡನೊಡನೆ ಮಾತಾಡಲಿಲ್ಲ. ಇತ್ತ ಇಲಾಖೆಯಿಂದ ಮೆಮೊ ಬಂತು: ಅಪ್ಪಣೆಯಿಲ್ಲದೆ ವೇಷ ಕಟ್ಟಿದ್ದೇಕೆ? ಲಾಠಿ ಎತ್ತದೆ ಎರಡು ಪಾರ್ಟಿಯನ್ನು ಒಂದು ಚಾಪೆಯ ಮೇಲೆ ಕೂರಿಸಲು ಬೇರೆ ದಾರಿ ಕಾಣಲಿಲ್ಲ ಎಂದು ಗಿರಿಯಪ್ಪ ಬರೆದು ಕಳಿಸಿದ. ಮೇಲಿನವರು ಓದಿ ನಕ್ಕರೋ ಏನೋ, ಎಚ್ಚರಿಕೆ ಕೊಟ್ಟು ಬಿಟ್ಟರು. ಆ ಕಾಗದ ಬಂದ ದಿನ ರಂಗಲಕ್ಷ್ಮಮ್ಮ ಬಾಯಿ ಬಿಟ್ಟಳು.

"ಕಾಕಿ ಬಿಡ್ರಿ."

"ನಾಟಕ ಬಿಡು ಅಂತೀಯ ಅಂದ್ಕಂಡಿದ್ದೆ," ಎಂದ ಗಿರಿಯಪ್ಪ.

"ನಾಟಕದಲ್ಲಿ ಸತ್ತೋರು ಎದ್ದು ಮಂಗಳ ಹಾಡ್ತಾರೆ. ನಿಮ್ಮ ಡ್ಯೂಟೀಲಿ ಸತ್ತೋರು ಯಾರು ಎದ್ದವ್ರೆ? ನೀವು ಬಣ್ಣಾನೇ ಹಚ್ಕಳಿ, ಊರೂರು ತಿರುಗ್ರಿ, ನನಗೇನೂ ಇಲ್ಲ. ಆದ್ರೆ ಒಂದು ಮಾತು. ಇನ್ಮ್ಯಾಲೆ ವೇಷದಲ್ಲೂ ಸಾಯ್ಬಾರ್ದು. ನಿಮ್ಮ ಹೆಣ ನಾನು ಒಂದು ಸಲ ನೋಡಾಯ್ತು. ಎರಡನೇ ಸಲ ನನ್ನ ಕೈಲಿ ಆಗಾಕಿಲ್ಲ."

ಅವನು ಅವಳ ಬಳೆಗಳ ಮೇಲೆ ಕೈಯಿಟ್ಟು ಆಯಿತೆಂದ. ಐವತ್ತೇಳರಲ್ಲಿ ಕೆಲಸ ಬಿಟ್ಟು ಇಬ್ಬರೂ ಹಿಂದೂಪುರದ ಸ್ವಂತ ಮನೆಗೆ ಬಂದರು. ಬೂಟುಗಳನ್ನು ಅವಳು ಪಾತ್ರೆ ಮಾರುವವಳಿಗೆ ಹಾಕಿ ಬದಲಿಗೆ ಒಂದು ಹಿತ್ತಾಳೆ ಚೊಂಬು ತೆಗೆದುಕೊಂಡಳು. ಆ ರಾತ್ರಿ ಎಷ್ಟೋ ವರ್ಷದ ಮೇಲೆ ಬೀದಿಯ ಸದ್ದಿಗೆ ಕಿವಿ ಕೊಡದೆ ಮಲಗಿ, ಬೆಳಗ್ಗೆ ಬಿಸಿಲು ಬಂದ ಮೇಲೆ ಎದ್ದಳು.

ಊರಿಗೆ ಬಂದಿದ್ದ ಒಂದು ನಾಟಕ ಕಂಪನಿ ಗಿರಿಯಪ್ಪನನ್ನು ಸೇರಿಸಿಕೊಂಡಿತು. ಅಲ್ಲಿ ಅವನನ್ನು ಕಂಡ ಯಾರೋ ಮದರಾಸಿಗೆ ಕರೆದರು. ಕನ್ನಡ ಚಿತ್ರ, ತೆಲುಗು ಚಿತ್ರ ಎರಡೂ ಆಗ ಅಲ್ಲೇ ತಯಾರಾಗುತ್ತಿದ್ದವು. ಎರಡೂ ಮಾತು ಬಲ್ಲ ಮನುಷ್ಯ ಎರಡು ಕಡೆಗೂ ಬೇಕಾದ. ಮೊದಲು ಎಲ್ಲರೂ ಕೊಟ್ಟದ್ದು ಪೊಲೀಸಿನ ವೇಷ. ಇದರಷ್ಟು ದಡ್ಡತನ ಇನ್ನೊಂದಿಲ್ಲ. ಕಳ್ಳನ ಕೊರಳಪಟ್ಟಿ ಹಿಡಿದು ಅಬ್ಬರಿಸಯ್ಯ ಎಂದರೆ ಗಿರಿಯಪ್ಪ ಅವನ ಹೆಗಲ ಮೇಲೆ ಕೈ ಹಾಕಿ, ಅವನ ಮುಖವನ್ನೇ ನೋಡುತ್ತ ನಿಂತುಬಿಡುತ್ತಿದ್ದ. "ಏನಯ್ಯ, ನೀನು ಪೊಲೀಸನ್ನು ನೋಡೇ ಇಲ್ವ?" ಎಂದು ಡೈರೆಕ್ಟರೊಬ್ಬ ರೇಗಿದನಂತೆ. ಇಪ್ಪತ್ತಮೂರು ವರ್ಷ ಪೊಲೀಸಾಗಿದ್ದವನು ಸುಮ್ಮನೆ ತಲೆ ಕೆರೆದುಕೊಂಡು ಕೂತನಂತೆ. ಕಡೆಗೆ ಬೇರೆ ವೇಷಗಳು ಬಂದವು. ಅಂಚೆಯವನು, ಗಾಡಿ ಹೊಡೆಯುವವನು, ಬಡ ಮೇಷ್ಟ್ರು, ನಾಯಕಿಯ ಅಪ್ಪ. ಅವನು ಠಾಣೆಯಲ್ಲಿ ಮುದ್ದೆ ಉಣ್ಣಿಸಿ ನೋಡಿಟ್ಟಿದ್ದ ಜನರೆಲ್ಲ ಒಬ್ಬೊಬ್ಬರಾಗಿ ಪರದೆಗೆ ಬಂದರು.

ತೊಡಕು ಒಂದೇ. ಸಿನಿಮಾದಲ್ಲಿ ಅಪ್ಪಂದಿರು ಹುಟ್ಟುವುದೇ ಸಾಯುವುದಕ್ಕೆ. ಇಂಟರ್‌ವೆಲ್ಲಿನ ಹೊತ್ತಿಗೆ ಕೆಮ್ಮು ಬರಬೇಕು, ಆಮೇಲೆ ಮಗಳ ಕೈಯನ್ನು ಯಾರ ಕೈಗಾದರೂ ಇಟ್ಟು ಕಣ್ಣು ಮುಚ್ಚಬೇಕು. ಗಿರಿಯಪ್ಪ ಎಲ್ಲದಕ್ಕೂ ಹೂಂ ಎಂದು, ಸಾಯುವ ದಿನ ಮಾತ್ರ ಕೈ ಮುಗಿದು ನಿಲ್ಲುತ್ತಿದ್ದ. ಬರೆಯುವವರು ಬೈದುಕೊಂಡು ಅಪ್ಪನನ್ನು ಕಾಶಿಗೆ ಕಳಿಸುತ್ತಿದ್ದರು. ಹೆಗಲಿಗೆ ಒಂದು ಗಂಟು, ಕೈಗೆ ಒಂದು ಕೋಲು, ದೂರದಲ್ಲಿ ನಡೆದು ಹೋಗುವ ಬೆನ್ನು. ಹೀಗೆ ಗಿರಿಯಪ್ಪ ನಾಲ್ಕು ಚಿತ್ರಗಳಲ್ಲಿ ಕಾಶಿಗೆ ಹೋದ, ಐದನೆಯದರಲ್ಲಿ ರಾಮೇಶ್ವರಕ್ಕೆ. ಮದರಾಸಿನಲ್ಲಿ ಅವನನ್ನು ಕಾಶಿ ಗಿರಿಯಪ್ಪ ಎಂದೇ ಕರೆಯುತ್ತಿದ್ದರು. ಹಿಂದೂಪುರದ ಟಾಕೀಸಿನಲ್ಲಿ ಆ ಬೆನ್ನು ಕಂಡಾಗಲೆಲ್ಲ ರಂಗಲಕ್ಷ್ಮಮ್ಮ ಸೆರಗಿನಿಂದ ಗಾಳಿ ಹಾಕಿಕೊಂಡು ನಿರಾಳವಾಗಿ ಕೂರುತ್ತಿದ್ದಳು.

ಅರವತ್ನಾಲ್ಕರ ಬೇಸಿಗೆಯಲ್ಲಿ ಗಿರಿಯಪ್ಪ ಮದರಾಸಿನಿಂದ ಹೇಳದೆ ಕೇಳದೆ ಬಂದುಬಿಟ್ಟ. ಏನಾಯಿತೆಂದರೆ ಏನಿಲ್ಲವೆಂದ. ಬಾವಿಯಿಂದ ನೀರು ತಾನೇ ಸೇದಿ ತಂದ, ಸಾರಿಗೆ ಉಪ್ಪು ಕಡಿಮೆಯಾದರೂ ಚೆನ್ನಾಗಿದೆ ಎಂದ, ಸಂತೆಗೆ ಹೋಗಿಬಂದರೂ ಯಾರ ಅಣಕವನ್ನೂ ಮಾಡಿ ತೋರಿಸಲಿಲ್ಲ. ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಗಂಡನನ್ನು ಕಂಡರೆ ಯಾವ ಹೆಂಡತಿಗೆ ತಾನೇ ಭಯವಾಗುವುದಿಲ್ಲ? ರಂಗಲಕ್ಷ್ಮಮ್ಮ ಎರಡು ದಿನ ನೋಡಿದಳು.

ಮೂರನೆಯ ದಿನ ಶ್ರೀರಾಮುಲು ಬಂದ. ಅವನು ಈಗ ಹಿಂದೂಪುರದಲ್ಲೇ ಹೆಡ್ ಕಾನ್‌ಸ್ಟೇಬಲ್ಲು, ತಲೆ ನರೆತಿತ್ತು. ಗಿರಿಯಪ್ಪ ಕ್ಷೌರಕ್ಕೆ ಹೋಗಿದ್ದ ಸಮಯ ನೋಡಿಕೊಂಡೇ ಬಂದಿದ್ದ.

"ನಾನು ಹೇಳ್ದೆ ಅನ್ಬ್ಯಾಡ್ರಮ್ಮ. ಸಾರ್‌ಗೆ ದೊಡ್ಡ ವೇಷ ಬಂದಿತ್ತಂತೆ. ಕಥೆಯೆಲ್ಲ ಒಬ್ಬ ಮುದುಕಪ್ಪಂದೇ. ಇಂಥಾದ್ದು ಇನ್ನೊಂದು ಬರಾಕಿಲ್ಲ ಅಂತ ಅವ್ರೇ ಅಂದ್ರು."

"ಮತ್ತೆ ಯಾಕೆ ಬಂದ್ಬುಟ್ರು?"

ಶ್ರೀರಾಮುಲು ನೆಲ ನೋಡಿದ. "ಕೊನೇಲಿ ಸಾಯ್ಬೇಕಂತೆ. ಈ ಡೈರೆಕ್ಟರು ಕಾಶಿಗೀಶಿ ಆಗಾಕಿಲ್ಲ ಅಂದ್ಬುಟ್ನಂತೆ. ಸಾರ್ ಒಲ್ಲೆ ಅಂತ ಬಂದವ್ರೆ. ಶುಕ್ರವಾರದ ತಂಕ ಕಾಯ್ತೀನಿ, ಮನಸ್ಸು ತಿರುಗಿದ್ರೆ ತಂತಿ ಕೊಡಿ ಅಂದವ್ನಂತೆ."

"ಒಂದು ಸಲ ಇರಿದು ಕೊಂದೆಯಲ್ಲಪ್ಪ, ಸಾಲ್ದಾ?" ಎಂದಳು ರಂಗಲಕ್ಷ್ಮಮ್ಮ. ಶ್ರೀರಾಮುಲು ಕಾಫಿಯನ್ನೂ ಕುಡಿಯದೆ ಎದ್ದು ಹೋದ.

ಅವಳಿಗೆ ಸಿಟ್ಟು ಬಂದಿತ್ತು, ನಿಜ. ಶ್ರೀರಾಮುಲುವಿನ ಮೇಲೆ, ಕಾಣದ ಆ ಡೈರೆಕ್ಟರನ ಮೇಲೆ, ಮಾತು ಉಳಿಸಿಕೊಂಡ ಗಂಡನ ಮೇಲೆ. ಅವನು ಮಾತು ಮುರಿದು ಸತ್ತಿದ್ದರೆ ಜಗಳವಾಡಬಹುದಿತ್ತು. ತುಟಿಪಿಟಿಕ್ಕೆನ್ನದೆ ನೀರು ಸೇದುತ್ತಿರುವವನ ಹತ್ತಿರ ಏನೆಂದು ಜಗಳ ತೆಗೆಯುವುದು? ಇಪ್ಪತ್ತಮೂರು ವರ್ಷ ಅವನು ತನಗೊಪ್ಪದ ಕಾಕಿ ತೊಟ್ಟಿದ್ದ. ತನಗೊಪ್ಪುವುದು ಒಂದು ಸಿಕ್ಕಿತು ಅನ್ನುವಾಗ ಅಡ್ಡ ನಿಂತಿರುವವಳು ತಾನು. ಇದನ್ನು ಅವಳು ಯಾರ ಬಾಯಿಂದಲೂ ಕೇಳಬೇಕಾಗಿರಲಿಲ್ಲ. ಆದರೆ ಚಾಪೆಯ ಮೇಲೆ ಹೂ ಮುಡಿದು ಕೂತ ಆ ಮೂರು ಗಂಟೆಯನ್ನು ನೆನೆದರೆ ಈಗಲೂ ಅವಳ ಕೈ ತಣ್ಣಗಾಗುತ್ತಿತ್ತು.

ಗುರುವಾರ ಮಧ್ಯಾಹ್ನ ಅವಳು ಮೊರದಲ್ಲಿ ಕಡಲೆಕಾಯಿ ಹಿಡಿದು ಹಿತ್ತಿಲ ಬಾಗಿಲಿಗೆ ಬಂದಳು. ಜಗುಲಿಯ ಹಗ್ಗದ ಮಂಚದ ಮೇಲೆ ಗಿರಿಯಪ್ಪ ಮಲಗಿದ್ದ. ನಿದ್ದೆಯಲ್ಲ. ಅವನ ಬಾಯಿ ಒಂದು ಪಕ್ಕಕ್ಕೆ ಎಳೆದಿತ್ತು, ಉಸಿರು ಒಂದೊಂದಾಗಿ ಬರುತ್ತಿತ್ತು, ಬಲಗೈ ಮಂಚದ ಅಂಚಿನಲ್ಲಿ ಏನನ್ನೋ ತಡಕಾಡುತ್ತಿತ್ತು. ಅವಳು ಇದ್ದಾಳೆಂದು ಅವನಿಗೆ ಗೊತ್ತಿಲ್ಲ. ಒಲ್ಲೆನೆಂದು ಬಂದ ಸಾವನ್ನು ಹಿತ್ತಿಲಿನಲ್ಲಿ ಒಬ್ಬನೇ ಸಾಯುತ್ತಿದ್ದ.

ಕೂಗಬೇಕೆನಿಸಿತು. ಕೂಗಲಿಲ್ಲ. ನೋಡುತ್ತ ನಿಂತ ಹಾಗೆ ಅವಳಿಗೆ ಗುರುತು ಹತ್ತಿತು. ಮಂಚದ ಮೇಲೆ ಸಾಯುತ್ತಿರುವವನು ಅವಳ ಗಂಡನಲ್ಲ, ಗಂಡನ ಅಪ್ಪ. ನಲವತ್ತೊಂಬತ್ತರಲ್ಲಿ ಲಕ್ವ ಹೊಡೆದು ನಾಲ್ಕು ತಿಂಗಳು ಇದೇ ಜಗುಲಿಯಲ್ಲಿ ಮಲಗಿ ಹೋದ ಮಾವ. ಉಣಿಸಿ, ಒರೆಸಿ, ಮಗ್ಗುಲು ತಿರುಗಿಸಿ ನೋಡಿಕೊಂಡವಳು ಅವಳು. ಪ್ರಾಣ ಹೋಗುವಾಗ ಗಿರಿಯಪ್ಪ ಎಲ್ಲೋ ಬಂದೋಬಸ್ತಿನಲ್ಲಿದ್ದ. ಸುದ್ದಿ ತಲುಪಿ ಬಂದಾಗ ಒಂದು ದಿನ ತಡವಾಗಿತ್ತು. ಕಡೆಗೆ ಏನು ಮಾಡಿದರು ಎಂದು ಕೇಳಿದ್ದ. ಎಲೆಅಡಿಕೆ ಚೀಲ ತಡಕಾಡುತ್ತ ಹೋದರು ಎಂದು ಅವಳು ಹೇಳಿದ್ದಳು. ಆ ಒಂದು ಮಾತನ್ನು ಹಿಡಿದುಕೊಂಡು ಅವನು ಕಾಣದ ಸಾವನ್ನು ಈಗ ಕಟ್ಟುತ್ತಿದ್ದ. ಅದಕ್ಕೇ ತಪ್ಪು ಮಾಡುತ್ತಿದ್ದ.

"ಎಡಗೈ," ಎಂದಳು ರಂಗಲಕ್ಷ್ಮಮ್ಮ.

ಗಿರಿಯಪ್ಪ ಬೆಚ್ಚಿ ಎದ್ದು ಕೂತ. ಸಿಕ್ಕಿಬಿದ್ದ ಕಳ್ಳನ ಹಾಗೆ ಅವನ ಮೊಣಕಾಲು ಬಾಗಿಲ ಕಡೆಗೆ ತಿರುಗಿತು. "ಸುಮ್ನೆ ಮಲಗಿದ್ದೆ ಕಣೆ. ಒಪ್ಕಂಡಿಲ್ಲ ನಾನು. ಬಿಟ್ಟೇ ಬಂದಿವ್ನಿ."

"ಮಾವನೋರ ಬಲಗೈ ಬಿದ್ದೋಗಿತ್ತಲ್ಲ. ತಡಕಾಡಿದ್ದು ಎಡಗೈಲಿ." ಅವಳು ಮೊರವನ್ನು ಕೆಳಗಿಟ್ಟು ಮಂಚದ ತುದಿಗೆ ಕೂತಳು. "ಮತ್ತೆ, ಚೀಲಾನೂ ಅಲ್ಲ."

"ಏನು?"

"ಅವರು ತಡಕಾಡಿದ್ದು ಚೀಲ ಅಲ್ಲ ಕಣ್ರಿ. ನಿಮ್ಮ ಕೈನ. ಗಿರಿ ಬಂದ್ನಾ, ಗಿರಿ ಬಂದ್ನಾ ಅಂತ ಮಂಚದ ಅಂಚೆಲ್ಲ ಹುಡುಕಿದ್ರು. ನೀವು ತಡವಾಗಿ ಬಂದು ಅಳ್ತಿದ್ರಿ. ಅದನ್ನ ಹೆಂಗೆ ಹೇಳ್ಲಿ? ಚೀಲ ಅಂದ್ಬುಟ್ಟೆ."

ಗಿರಿಯಪ್ಪನ ಮುಖ ಇಳಿದುಹೋಯಿತು. ಕೇಳಲೋ ಬೇಡವೋ ಎಂದು ಕೇಳಿದ: "ಸಿಗ್ಲಿಲ್ವಾ ಹಂಗಾದ್ರೆ? ಹಂಗೇ ಹೋದ್ರಾ?"

"ಸಿಕ್ತು. ಅಷ್ಟೊತ್ತಿಗೆ ಅವ್ರಿಗೆ ಕಣ್ಣು ಮಂಜಾಗಿತ್ತು. ನನ್ನ ಬಳೆ ಮ್ಯಾಕೆ ಸರಿಸ್ಕಂಡು ಕೈ ಕೊಟ್ಟೆ. ಮಾತಾಡಿದ್ರೆ ಗೊತ್ತಾಯ್ತದೆ ಅಂತ ಗಂಟಲು ದಪ್ಪ ಮಾಡ್ಕಂಡು ಹೂಂ ಅಂದೆ. 'ಬಂದ್ಯಾ' ಅಂದ್ರು. ಇನ್ನೊಂದು ಸಲ ಹೂಂ ಅಂದೆ. ಆಮ್ಯಾಕೆ ಹುಡುಕ್ಲಿಲ್ಲ. ಮುಖ ಚೆನ್ನಾಗಿತ್ತು."

ಗಿರಿಯಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾಟಕದ ಅಳುವಲ್ಲ, ಮೂಗು ಸೋರುವ, ಭುಜ ಅದುರುವ, ನೋಡಲು ಏನೂ ಚೆಂದವಿಲ್ಲದ ಅಳು. ರಂಗಲಕ್ಷ್ಮಮ್ಮನೂ ಅತ್ತಳು. ಅಂದು ಬಂದ ನೆಂಟರಿಗೆ ಅಡಿಗೆ ಬೇಯಿಸುವ ಗಡಿಬಿಡಿಯಲ್ಲಿ ಮಾವನಿಗಾಗಿ ಅಳಲು ಅವಳಿಗೆ ಆಗಿರಲಿಲ್ಲ. ಹದಿನೈದು ವರ್ಷ ಒಬ್ಬಳೇ ಹೊತ್ತಿದ್ದದ್ದನ್ನು ಇಳಿಸಿದ ಮೇಲೆ ಬೆನ್ನು ಎಷ್ಟು ಹಗುರವಾಯಿತೆಂದರೆ, ಇಷ್ಟು ದಿನ ಹೊತ್ತದ್ದಾದರೂ ಏಕೆ ಎಂದು ಅವಳಿಗೆ ತನ್ನ ಮೇಲೇ ನಗು ಬಂತು. ಮಗ ಬಂದನೆಂದುಕೊಂಡೇ ಅಪ್ಪ ಹೋದ. ಅದನ್ನು ಮಗನಿಗೆ ಹೇಳಬಾರದೆಂದು ತನಗೆ ಯಾರು ಹೇಳಿದ್ದರು?

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಇನ್ನೊಂದು ಸಲ ಮಾಡ್ರಿ. ಎಡಗೈಲಿ."

"ಬ್ಯಾಡ ಬಿಡೆ. ಮಾತು ಕೊಟ್ಟಿವ್ನಿ."

"ನಾನೇ ಇಸ್ಕಂಡಿದ್ದು, ನಾನೇ ವಾಪಸ್ ಕೊಡ್ತೀನಿ. ಮಲಕ್ಕಳಿ."

ಅವನು ಮಲಗಿದ. ಬಾಯಿ ಇಷ್ಟು ಎಳೆಯಬೇಡಿ, ಕಣ್ಣು ಮಾಡಿನ ಕಡೆಗಿರಲಿ, ಬೆರಳು ಅಷ್ಟು ಅವಸರ ಮಾಡಬಾರದು ಎಂದು ಅವಳು ಹೇಳಿ ಹೇಳಿ ತಿದ್ದಿದಳು. ಅವನು ಸಾಯುವುದನ್ನು ಅವಳು ಆ ಮಧ್ಯಾಹ್ನ ಐದು ಸಲ ನೋಡಿದಳು. ಮೊದಲ ಸಲ ಕೈ ತಣ್ಣಗಾಯಿತು. ಐದನೆಯ ಸಲಕ್ಕೆ ಕಡಲೆಕಾಯಿ ಬಿಡಿಸುತ್ತ ನೋಡಿದಳು. ಸಂಜೆ ಅಂಚೆಕಚೇರಿ ಮುಚ್ಚುವ ಮೊದಲು ಶ್ರೀರಾಮುಲು ಮದರಾಸಿಗೆ ತಂತಿ ಕೊಟ್ಟು ಬಂದ, ಬಂದು ಎರಡು ಲೋಟ ಕಾಫಿ ಕುಡಿದ.

ಚಿತ್ರ ಹಿಂದೂಪುರಕ್ಕೆ ಬಂದದ್ದು ಮರುವರ್ಷ. ತನ್ನ ಮುಖವನ್ನು ತಾನು ನೋಡಲಾರೆನೆಂದು ಗಿರಿಯಪ್ಪ ಎಂದೂ ಟಾಕೀಸಿನ ಒಳಗೆ ಹೋಗುತ್ತಿರಲಿಲ್ಲ. ರಂಗಲಕ್ಷ್ಮಮ್ಮ ಮಧ್ಯಾಹ್ನದ ಆಟಕ್ಕೆ ಹೋಗಿ ಹೆಂಗಸರ ಕಡೆಯ ಬೆಂಚಿನಲ್ಲಿ ಕೂತಳು. ಕೊನೆಯ ದೃಶ್ಯದಲ್ಲಿ ಮುದುಕನ ಎಡಗೈ ಮಂಚದ ಅಂಚಿಗೆ ಬಂದಾಗ ಇಡೀ ಟಾಕೀಸು ಉಸಿರು ಬಿಗಿಹಿಡಿಯಿತು. ಬೆರಳು ಹುಡುಕಿತು, ಅವಸರ ಮಾಡಲಿಲ್ಲ. ಆಮೇಲೆ ಸುತ್ತಲೂ ಬಿಕ್ಕುವ ಸದ್ದು. ಪಕ್ಕದಲ್ಲಿ ಕೂತಿದ್ದ, ಯಾವುದೋ ಹಳ್ಳಿಯಿಂದ ಬಂದ ಹೆಂಗಸು ರಂಗಲಕ್ಷ್ಮಮ್ಮನ ತೋಳು ಹಿಡಿದುಕೊಂಡು ಅತ್ತಳು.

"ಪಾಪ ಕಣಮ್ಮ. ಇವನ ಹೆಂಡ್ತಿ ಇದ್ದಿದ್ರೆ ಹೆಂಗೆ ತಡ್ಕಂತಿದ್ಲೋ."

"ತಡ್ಕಂತಾಳೆ ಬಿಡಮ್ಮ," ಎಂದಳು ರಂಗಲಕ್ಷ್ಮಮ್ಮ.

ಹೊರಗೆ ಬಂದರೆ ಕಣ್ಣು ಕುಕ್ಕುವ ಬಿಸಿಲು. ಗೇಟಿನ ಪಕ್ಕದ ಬೇವಿನ ನೆರಳಿನಲ್ಲಿ ಗಿರಿಯಪ್ಪ ಕೊಡೆ ಹಿಡಿದು, ಕಾಲು ಬದಲಿಸುತ್ತ ನಿಂತಿದ್ದ. ಅತ್ತು ಕೆಂಪಾದ ಕಣ್ಣಿನ ಜನ ಅವನ ಪಕ್ಕದಲ್ಲೇ ಹಾದು ಹೋದರು; ಪರದೆಯ ಮೇಲೆ ಈಗಷ್ಟೇ ಸತ್ತವನು ಇವನೇ ಎಂದು ಒಬ್ಬರಿಗೂ ಗುರುತಾಗಲಿಲ್ಲ. ಅವನು ಅವಳ ಮುಖವನ್ನು ಹುಡುಕಿ ನೋಡಿದ. ಠಾಣೆಯಲ್ಲಿ ಸಾವಿರ ಮುಖ ಓದಿದವನಿಗೆ ಅದೊಂದು ಮುಖ ಓದಲಾಗಲಿಲ್ಲ.

"ಹೆಂಗೆ ಸತ್ತೆ?" ಎಂದು ಮೆಲ್ಲಗೆ ಕೇಳಿದ.

"ಚೆನ್ನಾಗಿ ಸತ್ರಿ," ಎಂದಳು. "ನಡೀರಿ ಮನೆಗೆ, ಹಸಿವಾಗ್ತೈತೆ."